ದನಕ್ಕೆ ಚುಚ್ಚುಮದ್ದು, ಬಯಲಿಗೆ ಮರ

ಕುಟ್ಟದಿಂದ ನಾಗರಹೊಳೆ ಮೇಲೆ ಹುಣಸೂರಿಗೆ ಹೋಗುವ ದಾರಿಯಲ್ಲಿ, ಹಡ್ಲಿನಲ್ಲಿ (ಕಾಡಿನ ನಡುವಿನ ಜೌಗು ಹುಲ್ಲುಬಯಲು) ಕಾಟಿಗಳು, ಅಂದರೆ ಕಾಡುಕೋಣಗಳು, ಮೇಯುತ್ತಿದ್ದರೆ ಬಸ್ಸಿನಲ್ಲಿ ಒಬ್ಬರಾದರೂ ಹೇಳುತ್ತಾರೆ: "ಥೇಟ್ ಆಫ್ರಿಕಾ ಅಲ್ವಾ!" ಮೊನ್ನೆ ಪಕ್ಕದ ಸೀಟಿನವರು ಇನ್ನೊಂದು ಸೇರಿಸಿದರು: "ಹೀಗೆ ಮೇಯ್ದರೆ ಮರ ಎಲ್ಲಿಂದ ಬರಬೇಕು?" ಮೊದಲ ಮಾತಿಗೆ ನನ್ನ ತಕರಾರಿಲ್ಲ. ಎರಡನೆಯದಕ್ಕೆ ಇದೆ. ಆಫ್ರಿಕಾದ ತಾಂಜಾನಿಯಾದಲ್ಲಿ ಸೆರೆಂಗೆಟಿ ಅಂತ ಒಂದು ಸವನ್ನಾ, ಅಂದರೆ ಅಲ್ಲಲ್ಲಿ ಮರವಿರುವ ಹುಲ್ಲುಬಯಲು, ಇದೆ. ಅಲ್ಲಿ ಆದದ್ದು ಇದರ ಉಲ್ಟಾ. ಅಲ್ಲಿ ಮೇಯುವ ಬಾಯಿ ಹೆಚ್ಚಿತು, ಮರವೂ ಹೆಚ್ಚಿತು.

ಇದರ ಗುಟ್ಟು ಇರುವುದು ದನದ ಕೊಟ್ಟಿಗೆಯಲ್ಲಿ. ಹಿರಿಯರು ದೊಡ್ಡರೋಗ ಅನ್ನುತ್ತಿದ್ದರಲ್ಲ, ಆ ರಿಂಡರ್‌ಪೆಸ್ಟ್. ದಡಾರದ ವೈರಸ್ಸಿಗೆ ಹತ್ತಿರದ ನೆಂಟ. ಜ್ವರ, ಬಾಯಿಹುಣ್ಣು, ಭೇದಿ, ಆಮೇಲೆ ಕೊಟ್ಟಿಗೆ ಖಾಲಿ. ಮಾರಿ ಮುನಿದಿದ್ದಾಳೆ ಅಂತ ಕೋಳಿ ಕೊಯ್ದವರು ಎಷ್ಟೋ ಜನ. ಕೋಳಿಯೂ ಹೋಯಿತು, ದನವೂ ಹೋಯಿತು. 1880ರ ದಶಕದ ಕೊನೆಗೆ ಇದು ಈಶಾನ್ಯ ಆಫ್ರಿಕಾಕ್ಕೆ ಕಾಲಿಟ್ಟಿತು. ಹತ್ತೇ ವರ್ಷದಲ್ಲಿ ದಕ್ಷಿಣದ ತುದಿ ಮುಟ್ಟಿತು. ಕ್ಷಯದ ರೋಗಾಣು ಕಂಡುಹಿಡಿದ ರಾಬರ್ಟ್ ಕಾಖ್ 1896ರಲ್ಲಿ ಇದರ ಬೆನ್ನುಹತ್ತಿ ದಕ್ಷಿಣ ಆಫ್ರಿಕಾದ ಕಿಂಬರ್ಲಿಗೆ ಹೋದರು. ಮರುವರ್ಷ ನಮ್ಮ ಹಿಮಾಲಯದ ಮುಕ್ತೇಶ್ವರದ ಪ್ರಯೋಗಾಲಯಕ್ಕೂ ಬಂದರು. ದನವನ್ನೇ ನಂಬಿದ್ದ ಪೂರ್ವ ಆಫ್ರಿಕಾದ ಮಸಾಯಿ ಜನರಲ್ಲಿ ಅನೇಕರು ಅಷ್ಟರಲ್ಲಿ ಹಸಿವಿನಿಂದ ಸತ್ತಿದ್ದರು.

ವೈಲ್ಡ್‌ಬೀಸ್ಟ್‌ಗಳೂ ಸತ್ತವು. ಟಿವಿಯಲ್ಲಿ ಮೊಸಳೆ ತುಂಬಿದ ಹೊಳೆಗೆ ಧುಮುಕುತ್ತವಲ್ಲ, ಅವೇ. ರೋಗ ಬಂದೂ ಬದುಕಿದ ತಾಯಿಗೆ ಅದು ಮತ್ತೆ ತಗಲುವುದಿಲ್ಲ. ಆ ರಕ್ಷಣೆ ಗಿಣ್ಣುಹಾಲಿನಲ್ಲಿ ಕರುವಿಗೂ ಸಿಗುತ್ತದೆ. ಆದರೆ ಕೆಲವೇ ತಿಂಗಳಿಗೆ. ಅದು ಕರಗಿದ ಮೇಲೆ ಕರುಗಳು ವರ್ಷ ತುಂಬುವ ಮೊದಲೇ ಉದುರುತ್ತಿದ್ದವು.

1950–60ರ ದಶಕಗಳಲ್ಲಿ ಸುತ್ತಲಿನ ಊರಿನ ದನಗಳಿಗೆ ಚುಚ್ಚುಮದ್ದು ಹಾಕಿದರು. ಕಾಡುಪ್ರಾಣಿಗೆ ಯಾರೂ ಸೂಜಿ ಚುಚ್ಚಲಿಲ್ಲ. ದನದಲ್ಲಿ ರೋಗ ನಿಂತಿತು, ಕಾಡಿನಲ್ಲೂ ತಾನಾಗಿ ನಿಂತಿತು. 1960ರ ಆಸುಪಾಸಿನಲ್ಲಿ ಸುಮಾರು ಎರಡೂವರೆ ಲಕ್ಷವಿದ್ದ ವೈಲ್ಡ್‌ಬೀಸ್ಟ್ 1970ರ ದಶಕದ ಕೊನೆಗೆ 13 ಲಕ್ಷದ ಹತ್ತಿರ ಬಂತು.

ಸರಿ, ಮರ? ಸವನ್ನಾದಲ್ಲಿ ಮರಕ್ಕೆ ದೊಡ್ಡ ಶತ್ರು ಬೆಂಕಿ. ಹುಲ್ಲಿನ ಚಿಗುರಿನ ಜಾಗ ಮಣ್ಣಿಗೆ ಅಂಟಿಕೊಂಡಿರುತ್ತದೆ. ಮೇಲೆಲ್ಲ ಸುಟ್ಟರೂ ಒಂದು ಮಳೆ ಬಿದ್ದರೆ ಸಾಕು, ಮತ್ತೆ ಹಸಿರು. ಸಸಿಯ ಕುಡಿ ಇರುವುದು ತುದಿಯಲ್ಲಿ, ಸರಿಯಾಗಿ ಉರಿಯ ನಡುವೆ. ಬುಡದಿಂದ ಚಿಗುರುತ್ತದೆ, ಮುಂದಿನ ವರ್ಷ ಮತ್ತೆ ಸುಡುತ್ತದೆ. ವರ್ಷವರ್ಷವೂ ಒಂದನೇ ಕ್ಲಾಸಿನಲ್ಲೇ ಕೂರುವ ಹುಡುಗನ ಹಾಗೆ. ಈಗ 13 ಲಕ್ಷ ಬಾಯಿಗಳು ಹುಲ್ಲನ್ನು ನುಣ್ಣಗೆ ಮೇಯ್ದವು. ಒಲೆಯಿಂದ ಸೌದೆ ಎಳೆದ ಹಾಗಾಯಿತು. ಬೇಸಿಗೆಗೆ ಮೊದಲು ತೋಟದ ಬೇಲಿಗುಂಟ ನಾವು ಹುಲ್ಲು ಕೆತ್ತಿಸುತ್ತೇವಲ್ಲ, ಅದನ್ನೇ ಅವು ಸಂಬಳವಿಲ್ಲದೆ ಮಾಡಿದವು. (ಇಲ್ಲಿ ಆಳು ಸಿಗುವ ಕಷ್ಟ ಗೊತ್ತಿದ್ದವರಿಗೆ ಹೊಟ್ಟೆಕಿಚ್ಚಾಗಬೇಕು!) ಅವುಗಳ ಅಗಲ ಬಾಯಿ ಇರುವುದೇ ಹುಲ್ಲಿಗೆ, ಸಸಿಯ ತಂಟೆಗೆ ಹೋಗುವುದು ಕಡಿಮೆ. ಬೆಂಕಿ ತಗ್ಗಿತು, ಸಸಿ ಉರಿಯ ಎತ್ತರ ದಾಟಿತು. ಮರ ಮುರಿಯುವ ಆನೆಗಳನ್ನು ದಂತಕ್ಕಾಗಿ ಕೊಂದದ್ದೂ ಮರ ಹೆಚ್ಚಲು ಸ್ವಲ್ಪ ಕಾರಣ, ಅದನ್ನು ಮುಚ್ಚಿಡುವುದಿಲ್ಲ.

ಹಾಗಂತ ಬಾಣೆಯ (ಮೇವಿನ ಗುಡ್ಡದ) ದನವನ್ನು ನಾಗರಹೊಳೆಗೆ ಹೊಡೆದುಕೊಂಡು ಹೋಗಬೇಡಿ. 1968ರಲ್ಲಿ ನಾಗರಹೊಳೆ, ಬಂಡೀಪುರ, ಮುದುಮಲೈಗಳ ಕಾಟಿಗಳನ್ನು ಕೊಂದದ್ದು ದನದ ಇದೇ ದೊಡ್ಡರೋಗ. 2011ರಲ್ಲಿ ಅದು ಭೂಮಿಯಿಂದಲೇ ತೊಲಗಿತು ಎಂದು ಘೋಷಿಸಿದರು. ಸಿಡುಬು ಬಿಟ್ಟರೆ ಹೀಗೆ ಹೋದ ರೋಗ ಇದೊಂದೇ.

ಮೊನ್ನೆ ಕಂಡ ಹಿಂಡಿನಲ್ಲಿ ಎರಡು ಕೆಂಚು ಕರುಗಳಿದ್ದವು. ಒಂದು ತಾಯಿಯ ಕೆಚ್ಚಲಿಗೆ ಗುದ್ದಿ ಗುದ್ದಿ ಕುಡಿಯುತ್ತಿತ್ತು. ಆ ಹಾಲಿನಲ್ಲಿ ಈಗ ದೊಡ್ಡರೋಗಕ್ಕೆ ರಕ್ಷಣೆ ಇಲ್ಲ. ಬೇಕಾಗಿಯೂ ಇಲ್ಲ.