1871–72ರ ಮೊದಲ ಎಫ್‌ಎ ಕಪ್: ನಿಯಮಗಳ ಬೆಳಕಿನಲ್ಲಿ ಒಂದು ಓದು

ಇಂದಿಗೂ ನಡೆದುಬರುತ್ತಿರುವ ರಾಷ್ಟ್ರೀಯ ಫುಟ್‌ಬಾಲ್ ಪಂದ್ಯಾವಳಿಗಳಲ್ಲಿ ಇಂಗ್ಲೆಂಡಿನ ಫುಟ್‌ಬಾಲ್ ಅಸೋಸಿಯೇಷನ್ (ಎಫ್‌ಎ) ನಡೆಸುವ ಎಫ್‌ಎ ಕಪ್ ಅತ್ಯಂತ ಹಳೆಯದು. ಅದರ ಮೊದಲ ಆವೃತ್ತಿಯ ಫಲಿತಾಂಶಗಳನ್ನು ಓದತೊಡಗಿದಾಗ ಎರಡು ಸಂಗತಿಗಳು ನಮ್ಮನ್ನು ತಡೆದು ನಿಲ್ಲಿಸುತ್ತವೆ. ಕಪ್ ಗೆದ್ದ ವಾಂಡರರ್ಸ್ ತಂಡವು ಫೈನಲ್‌ಗೆ ಬರುವ ಮೊದಲು ಗೆದ್ದದ್ದು ಒಂದೇ ಒಂದು ಪಂದ್ಯ. ಸ್ಕಾಟ್ಲೆಂಡಿನ ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್ ತಂಡವಂತೂ ಒಂದು ಪಂದ್ಯವನ್ನೂ ಆಡದೆ ಸೆಮಿಫೈನಲ್ ತಲುಪಿತು. ಇವೆರಡನ್ನೂ ಅದೃಷ್ಟದ ಆಟವೆಂದು ಬಿಟ್ಟುಬಿಡುವುದು ಸುಲಭ. ಆದರೆ ಆಗಿನ ನಿಯಮಗಳನ್ನು ಎದುರಿಗಿಟ್ಟುಕೊಂಡು ಓದಿದರೆ ಇವೆರಡಕ್ಕೂ ಸ್ಪಷ್ಟವಾದ ಕಾರಣಗಳು ಸಿಗುತ್ತವೆ. ಈ ಟಿಪ್ಪಣಿಯ ಉದ್ದೇಶ ಅದೇ.

ಮೊದಲು ಹಿನ್ನೆಲೆ. ಫುಟ್‌ಬಾಲ್ ಅಸೋಸಿಯೇಷನ್ 1863ರಲ್ಲಿ ಹುಟ್ಟಿತು. ಅಲ್ಲಿಂದ ಎಂಟು ವರ್ಷ ಕ್ಲಬ್‌ಗಳ ನಡುವೆ ಪಂದ್ಯಗಳು ನಡೆಯುತ್ತಿದ್ದವಾದರೂ ಅವು ಬಹುಪಾಲು ಪರಸ್ಪರ ಒಪ್ಪಂದದ ಸ್ನೇಹಪಂದ್ಯಗಳಾಗಿದ್ದವು. ಅಂಥ ಪಂದ್ಯಗಳಲ್ಲಿ ಗೆದ್ದವರಿಗೆ ಮುಂದಿನ ಸುತ್ತು ಎಂಬುದಿರಲಿಲ್ಲ. 1871ರ ಜುಲೈ 20ರಂದು ಲಂಡನ್ನಿನ 'ದಿ ಸ್ಪೋರ್ಟ್ಸ್‌ಮನ್' ಪತ್ರಿಕೆಯ ಕಚೇರಿಯಲ್ಲಿ ನಡೆದ ಸಭೆಯಲ್ಲಿ ಅಸೋಸಿಯೇಷನ್ನಿನ ಕಾರ್ಯದರ್ಶಿ ಚಾರ್ಲ್ಸ್ ಆಲ್‌ಕಾಕ್, ಎಲ್ಲ ಸದಸ್ಯ ಕ್ಲಬ್‌ಗಳೂ ಸ್ಪರ್ಧಿಸಬಹುದಾದ ಒಂದು ಚಾಲೆಂಜ್ ಕಪ್ ಬೇಕೆಂದು ಪ್ರಸ್ತಾಪಿಸಿದರು. ಆಲ್‌ಕಾಕ್ ಓದಿದ್ದು ಹ್ಯಾರೋ ಶಾಲೆಯಲ್ಲಿ. ಅಲ್ಲಿ ವಿದ್ಯಾರ್ಥಿನಿಲಯಗಳ ತಂಡಗಳು ಸೋತವರು ಹೊರಬೀಳುವ ಪದ್ಧತಿಯಲ್ಲಿ ಸೆಣಸಿ, ಕೊನೆಗೆ ಉಳಿದ ನಿಲಯವು 'ಕಾಕ್ ಹೌಸ್' ಎಂಬ ಹೆಸರು ಪಡೆಯುತ್ತಿತ್ತು. ನಾವು ಇಂದು ನಾಕೌಟ್ ಎಂದು ಕರೆಯುವ ಮಾದರಿ ಆ ಶಾಲೆಯ ಅಂಗಳದಿಂದ ದೇಶದ ಮಟ್ಟಕ್ಕೆ ಬಂತು. ಟ್ರೋಫಿಗೆ ತಗುಲಿದ್ದು ಸುಮಾರು 20 ಪೌಂಡ್. ಕ್ಲಬ್‌ಗಳಿಂದಲೂ ವಂತಿಗೆ ಕೂಡಿಸಲಾಯಿತು. ಕ್ವೀನ್ಸ್ ಪಾರ್ಕ್ ತನ್ನ ಸಣ್ಣ ಗಂಟಿನಿಂದ ಒಂದು ಗಿನಿ (ಒಂದು ಪೌಂಡಿಗಿಂತ ತುಸು ಹೆಚ್ಚು) ಕೊಟ್ಟಿತು ಎಂಬುದನ್ನು ಇಲ್ಲಿ ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಈ ತಂಡದ ಕಥೆಯಲ್ಲಿ ಹಣದ ಮಾತು ಮತ್ತೆ ಬರುತ್ತದೆ.

ಹೆಸರು ನೋಂದಾಯಿಸಿದ್ದು 15 ತಂಡಗಳು. ಹೆಚ್ಚಿನವು ಲಂಡನ್ ಮತ್ತು ಅದರ ಸುತ್ತಮುತ್ತಲಿನವು. ದೂರದಿಂದ ಬಂದವು ಲಿಂಕನ್‌ಶೈರಿನ ಡಾನಿಂಗ್ಟನ್ ಶಾಲೆ ಮತ್ತು ಗ್ಲಾಸ್ಗೋದ ಕ್ವೀನ್ಸ್ ಪಾರ್ಕ್. ಇವುಗಳಲ್ಲಿ ಹ್ಯಾರೋ ಚೆಕರ್ಸ್, ರೈಗೇಟ್ ಪ್ರಯರಿ ಮತ್ತು ಡಾನಿಂಗ್ಟನ್ ಶಾಲೆ ಮೈದಾನಕ್ಕೆ ಇಳಿಯದೆಯೇ ಹಿಂದೆ ಸರಿದವು. ಹಾಗಾಗಿ ನಿಜವಾಗಿ ಆಡಿದ ತಂಡಗಳು 12 ಮಾತ್ರ.

ಈಗ ಲೆಕ್ಕಕ್ಕೆ ಬರೋಣ. ಇಂದಿನ ರೀತಿಯಲ್ಲಿ 15 ತಂಡಗಳಿದ್ದರೆ ಒಂದಕ್ಕೆ ಬೈ (ಆಡದೆಯೇ ಮುಂದಿನ ಸುತ್ತಿಗೆ ಹೋಗುವ ಅವಕಾಶ) ಕೊಟ್ಟು, ಎರಡನೇ ಸುತ್ತಿಗೆ ಎಂಟು, ಆಮೇಲೆ ನಾಲ್ಕು, ಎರಡು ಎಂದು ಸಲೀಸಾಗಿ ಇಳಿಯಬೇಕು. ಆದರೆ ಮೊದಲ ಕಪ್‌ನಲ್ಲಿ ಸಂಖ್ಯೆ ಇಳಿದದ್ದು 15ರಿಂದ 10ಕ್ಕೆ, 10ರಿಂದ 5ಕ್ಕೆ, 5ರಿಂದ 4ಕ್ಕೆ. ಇದರ ಗುಟ್ಟು ಒಂದು ನಿಯಮದಲ್ಲಿದೆ: ಪಂದ್ಯ ಸಮವಾದರೆ ಮರುಪಂದ್ಯ ಆಡಿಸುವ ಬದಲು ಎರಡೂ ತಂಡಗಳನ್ನು ಮುಂದಿನ ಸುತ್ತಿಗೆ ಕಳುಹಿಸುವ ಅಧಿಕಾರ ಅಸೋಸಿಯೇಷನ್ನಿನ ಸಮಿತಿಗಿತ್ತು. 1871ರ ನವೆಂಬರ್ 11ರಂದು ಮೊದಲ ಸುತ್ತಿನ ನಾಲ್ಕು ಪಂದ್ಯಗಳು ನಡೆದವು. ಬಾರ್ನ್ಸ್, ಮೇಡನ್‌ಹೆಡ್ ಮತ್ತು ಕ್ಲ್ಯಾಪಮ್ ರೋವರ್ಸ್ ಗೆದ್ದವು. ಕ್ಲ್ಯಾಪಮ್ ಪರ ಆಡಿದ ಜಾರ್ವಿಸ್ ಕೆನ್ರಿಕ್ ಈ ಕಪ್‌ನ ಮೊಟ್ಟಮೊದಲ ಗೋಲು ಹೊಡೆದವರೆಂದು ದಾಖಲೆಯಲ್ಲಿದ್ದಾರೆ. ಕ್ರಿಸ್ಟಲ್ ಪ್ಯಾಲೆಸ್ ಮತ್ತು ಹಿಚಿನ್ ನಡುವಿನ ಆಟ ಗೋಲಿಲ್ಲದೆ ಮುಗಿದಾಗ ಎರಡೂ ತಂಡಗಳು ಮುಂದಕ್ಕೆ ಹೋದವು. ಹ್ಯಾರೋ ಚೆಕರ್ಸ್ ಹಿಂದೆ ಸರಿದುದರಿಂದ ವಾಂಡರರ್ಸ್‌ಗೂ, ರೈಗೇಟ್ ಹಿಂದೆ ಸರಿದುದರಿಂದ ಬ್ರಿಟಿಷ್ ಸೇನೆಯ ತಂಡವಾದ ರಾಯಲ್ ಎಂಜಿನಿಯರ್ಸ್‌ಗೂ ವಾಕೋವರ್, ಅಂದರೆ ಆಡದೆಯೇ ಗೆಲುವು, ಸಿಕ್ಕಿತು. ಕ್ವೀನ್ಸ್ ಪಾರ್ಕ್ ಮತ್ತು ಡಾನಿಂಗ್ಟನ್ ಶಾಲೆಗಳು ದಿನಾಂಕದ ಬಗ್ಗೆ ಒಪ್ಪಂದಕ್ಕೆ ಬರಲಾಗದೆ, ಆಡದೆಯೇ ಎರಡೂ ಮುಂದಕ್ಕೆ ಹೋದವು. ಬೈ ಪಡೆದ ಹ್ಯಾಂಪ್‌ಸ್ಟೆಡ್ ಹೀದನ್ಸ್ ಸೇರಿ ಒಟ್ಟು ಹತ್ತು.

ಎರಡನೇ ಸುತ್ತಿನಲ್ಲಿ ವಾಂಡರರ್ಸ್ ಕ್ಲ್ಯಾಪಮ್ ರೋವರ್ಸನ್ನು ಸೋಲಿಸಿತು. ಮೇಲೆ ಹೇಳಿದ ಆ ಒಂದೇ ಗೆಲುವು ಇದೇ. ಬಾರ್ನ್ಸ್ ಮತ್ತು ಹ್ಯಾಂಪ್‌ಸ್ಟೆಡ್ ಸಮ ಮಾಡಿಕೊಂಡಾಗ ಮಾತ್ರ ಎರಡನ್ನೂ ಮುಂದಕ್ಕೆ ಬಿಡದೆ ಮರುಪಂದ್ಯ ಆಡಿಸಲಾಯಿತು, ಹ್ಯಾಂಪ್‌ಸ್ಟೆಡ್ ಗೆದ್ದಿತು. ಕ್ವೀನ್ಸ್ ಪಾರ್ಕ್‌ಗೆ ಮತ್ತೆ ಡಾನಿಂಗ್ಟನ್ ಎದುರಾಯಿತು. ಈ ಬಾರಿ ಶಾಲೆಯೇ ಹಿಂದೆ ಸರಿಯಿತು. ಉಳಿದ ಐದರಲ್ಲಿ ಕ್ವೀನ್ಸ್ ಪಾರ್ಕ್‌ಗೆ ಬೈ ಬಂತು, ವಾಂಡರರ್ಸ್ ಮತ್ತು ಕ್ರಿಸ್ಟಲ್ ಪ್ಯಾಲೆಸ್ ಸಮ ಮಾಡಿಕೊಂಡು ಜೊತೆಯಾಗಿಯೇ ಸೆಮಿಫೈನಲ್ ಸೇರಿದವು, ಹ್ಯಾಂಪ್‌ಸ್ಟೆಡನ್ನು ಮಣಿಸಿ ರಾಯಲ್ ಎಂಜಿನಿಯರ್ಸ್ ಬಂತು. ಒಂದೇ ನಿಯಮವನ್ನು ಸಮಿತಿಯು ಒಮ್ಮೆ ಹೀಗೂ ಒಮ್ಮೆ ಹಾಗೂ ಬಳಸಿದ್ದನ್ನು ಗಮನಿಸಬೇಕು. ನನಗೆ ಇದು ಪಕ್ಷಪಾತವಾಗಿ ಕಾಣುವುದಿಲ್ಲ. ಪಂದ್ಯಾವಳಿ ನಡೆಸುವುದನ್ನು ನಡೆಸುತ್ತಲೇ ಕಲಿಯುತ್ತಿದ್ದವರ ಹುಡುಕಾಟವಾಗಿ ಕಾಣುತ್ತದೆ.

ಸೆಮಿಫೈನಲ್‌ಗಳು ಲಂಡನ್ನಿನ ಕೆನ್ನಿಂಗ್ಟನ್ ಓವಲ್ ಕ್ರಿಕೆಟ್ ಮೈದಾನದಲ್ಲಿ ನಡೆದವು. ಎರಡೂ ಗೋಲಿಲ್ಲದೆ ಮುಗಿದವು, ಆದರೆ ಈ ಹಂತದಲ್ಲಿ ಮರುಪಂದ್ಯ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಎಂಜಿನಿಯರ್ಸ್ ಕ್ರಿಸ್ಟಲ್ ಪ್ಯಾಲೆಸನ್ನು ಮರುಪಂದ್ಯದಲ್ಲಿ 3–0 ಅಂತರದಿಂದ ಸೋಲಿಸಿತು. ವಾಂಡರರ್ಸ್ ವಿರುದ್ಧ ಸೋಲದೆ ನಿಂತ ಕ್ವೀನ್ಸ್ ಪಾರ್ಕ್‌ಗೆ ಲಂಡನ್ನಿನಲ್ಲಿ ಉಳಿದು ಇನ್ನೊಂದು ಪಂದ್ಯ ಆಡುವಷ್ಟು ಹಣವಿರಲಿಲ್ಲ. ತಂಡ ಊರಿಗೆ ಮರಳಿತು, ವಾಂಡರರ್ಸ್ ಫೈನಲ್ ಸೇರಿತು. ಟ್ರೋಫಿಗೆ ತನ್ನ ಪಾಲು ಕೊಟ್ಟ ತಂಡ ಅದನ್ನು ಗೆಲ್ಲುವ ಅವಕಾಶವನ್ನು ರೈಲಿನ ದೂರ ಮತ್ತು ಖರ್ಚಿನಿಂದಾಗಿ ಕಳೆದುಕೊಂಡದ್ದು ಈ ಇಡೀ ಆವೃತ್ತಿಯಲ್ಲಿ ನನ್ನನ್ನು ಹೆಚ್ಚು ಕಾಡುವ ಘಟನೆ.

1872ರ ಮಾರ್ಚ್ 16ರ ಶನಿವಾರ, ಓವಲ್‌ನಲ್ಲಿ ಸುಮಾರು 2000 ಪ್ರೇಕ್ಷಕರು ಒಂದು ಶಿಲಿಂಗ್ ಕೊಟ್ಟು ಫೈನಲ್ ನೋಡಿದರು. ಗೆಲುವಿನ ನಿರೀಕ್ಷೆ ಇದ್ದದ್ದು ಕ್ಯಾಪ್ಟನ್ ಫ್ರಾನ್ಸಿಸ್ ಮಾರಿಂಡಿನ್ ನಾಯಕತ್ವದ ರಾಯಲ್ ಎಂಜಿನಿಯರ್ಸ್ ಮೇಲೆ. ಸೇನೆಯ ಈ ದಳದ ಅಧಿಕಾರಿಗಳು ಭಾರತದಲ್ಲೂ ಸೇವೆ ಸಲ್ಲಿಸುತ್ತಿದ್ದರು; ಬೆಂಗಳೂರಿನಲ್ಲಿ ನೆಲೆ ಹೊಂದಿದ್ದ ಮದ್ರಾಸ್ ಸ್ಯಾಪರ್ಸ್ ಪಡೆಗೆ ಅಧಿಕಾರಿಗಳು ಬರುತ್ತಿದ್ದುದು ಇದೇ ದಳದಿಂದ. ಫೈನಲ್ ಆಡಿದ ಹೆನ್ರಿ ರೆನಿ-ಟೇಲ್ಯೂರ್ ಹುಟ್ಟಿದ್ದು ಮಸ್ಸೂರಿಯಲ್ಲಿ.

ಆಟದ ರೂಪವನ್ನು ಕಲ್ಪಿಸಿಕೊಳ್ಳುವಾಗ ಇಂದಿನ ಚಿತ್ರವನ್ನು ಬದಿಗಿಡಬೇಕು. ವಾಂಡರರ್ಸ್ ಎಂಟು ಮಂದಿಯನ್ನು ಮುಂಚೂಣಿಯಲ್ಲಿಟ್ಟಿತ್ತು, ಎಂಜಿನಿಯರ್ಸ್ ಏಳು ಮಂದಿಯನ್ನು. ಗೋಲುಕಂಬಗಳ ನಡುವೆ ಮೇಲಡ್ಡದ ಬದಲು ಪಟ್ಟಿ ಕಟ್ಟುತ್ತಿದ್ದರು, ಪ್ರತಿ ಗೋಲಿನ ನಂತರ ತಂಡಗಳು ಬದಿ ಬದಲಿಸುತ್ತಿದ್ದವು, ಪೆನಾಲ್ಟಿ ಎಂಬುದೇ ಇರಲಿಲ್ಲ. ಆಟ ಶುರುವಾಗಿ ಹತ್ತು ನಿಮಿಷಕ್ಕೆ ಎಂಜಿನಿಯರ್ಸ್‌ನ ಎಡ್ಮಂಡ್ ಕ್ರೆಸ್‌ವೆಲ್ ಅವರ ಕೊರಳೆಲುಬು (ಕಾಲರ್‌ಬೋನ್) ಮುರಿಯಿತು. ಬದಲಿ ಆಟಗಾರರ ಪದ್ಧತಿ ಇಲ್ಲದ ಆ ಕಾಲದಲ್ಲಿ ಅವರು ನೋವಿನಲ್ಲೇ ಕೊನೆಯವರೆಗೆ ಮೈದಾನದಲ್ಲಿ ಉಳಿದರು. ಹದಿನೈದನೇ ನಿಮಿಷದ ಹೊತ್ತಿಗೆ ವಾಂಡರರ್ಸ್‌ನ ರಾಬರ್ಟ್ ವಿಡಾಲ್ ಚೆಂಡನ್ನು ಕಾಲಲ್ಲೇ ನಡೆಸಿಕೊಂಡು ಬಂದು ಕೊಟ್ಟದ್ದನ್ನು ಅದೇ ತಂಡದ ಮಾರ್ಟನ್ ಪೀಟೋ ಬೆಟ್ಸ್ ಗೋಲಾಗಿಸಿದರು. ವಾಂಡರರ್ಸ್ ಪರವೇ ಆಡುತ್ತಿದ್ದ ಆಲ್‌ಕಾಕ್ ಹೊಡೆದ ಮತ್ತೊಂದು ಗೋಲು ಅದಕ್ಕೆ ಮೊದಲು ಚೆಂಡಿಗೆ ಕೈ ತಗುಲಿದ್ದ ಕಾರಣ ರದ್ದಾಯಿತು. ಫಲಿತಾಂಶ 1–0.

ಬೆಟ್ಸ್ ಆ ದಿನ ಆಡಿದ್ದು 'ಎ. ಎಚ್. ಚೆಕರ್' ಎಂಬ ಹೆಸರಿನಲ್ಲಿ. ಅದನ್ನು ಬಿಡಿಸಿದರೆ 'ಒಬ್ಬ ಹ್ಯಾರೋ ಚೆಕರ್' ಎಂದಾಗುತ್ತದೆ. ಅಂದರೆ ಮೊದಲ ಸುತ್ತಿನಲ್ಲಿ ವಾಂಡರರ್ಸ್‌ಗೆ ದಾರಿ ಬಿಟ್ಟುಕೊಟ್ಟ ಕ್ಲಬ್ಬಿನ ಸದಸ್ಯರೊಬ್ಬರು ಅದೇ ವಾಂಡರರ್ಸ್ ಪರವಾಗಿ ಕಪ್ ಗೆಲ್ಲಿಸಿದರು.

'ಚಾಲೆಂಜ್' ಎಂಬ ಪದವನ್ನು ಮುಂದಿನ ವರ್ಷ ಅಕ್ಷರಶಃ ಪಾಲಿಸಲಾಯಿತು. 1873ರಲ್ಲಿ ಕಪ್ ಕೈಯಲ್ಲಿದ್ದ ವಾಂಡರರ್ಸ್ ನೇರವಾಗಿ ಫೈನಲ್‌ನಲ್ಲಿ ಸವಾಲು ಎದುರಿಸಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ತಂಡವನ್ನು 2–0 ಅಂತರದಿಂದ ಸೋಲಿಸಿತು. ಆ ವರ್ಷ ಕ್ವೀನ್ಸ್ ಪಾರ್ಕ್‌ಗೆ ಸೆಮಿಫೈನಲ್‌ವರೆಗೆ ವಿನಾಯಿತಿ ದೊರೆಯಿತಾದರೂ ಅದು ಆ ಪಂದ್ಯ ಆಡದೆ ಹಿಂದೆ ಸರಿಯಿತು. ನೇರವಾಗಿ ಫೈನಲ್ ಸೇರುವ ಆ ಅನುಕೂಲ ನಂತರದ ವಿಜೇತರಿಗೆ ದೊರೆಯಲಿಲ್ಲ. ಅವರೂ ಉಳಿದವರಂತೆ ಸುತ್ತುಗಳನ್ನು ಹಾದುಬರಬೇಕಾಯಿತು.