ಯಜಮಾನರಿಗೂ ಸೀಮಿತ ಖಾತೆ

ವಿಂಡೋಸ್ 98 ಬಳಸಿದವರಿಗೆ ಅದರ ಲಾಗಿನ್ ಚೌಕ ನೆನಪಿರಬಹುದು. ಹೆಸರು ಮತ್ತು ಪಾಸ್‌ವರ್ಡ್ ಕೇಳುತ್ತಿದ್ದ ಆ ಚೌಕದಲ್ಲಿ ಏನನ್ನೂ ತುಂಬದೆ ಎಸ್ಕೇಪ್ ಕೀಲಿ ಒತ್ತಿದರೂ ಕಂಪ್ಯೂಟರ್ ತೆರೆದುಕೊಳ್ಳುತ್ತಿತ್ತು. ಒಳಗೆ ಬಂದವರು ಯಾರೇ ಆಗಿರಲಿ, ಮನೆಮಂದಿಯ ಕಡತಗಳನ್ನಷ್ಟೇ ಅಲ್ಲ, ವಿಂಡೋಸ್‌ನ ಸ್ವಂತ ಕಡತಗಳನ್ನೂ ಬದಲಿಸಬಹುದಿತ್ತು. ಅಲ್ಲಿ ಮಾಲೀಕ, ಅತಿಥಿ, ಪುಟ್ಟ ಮಗು ಎಂಬ ಭೇದವೇ ಇರಲಿಲ್ಲ.

ಒಂದೇ ಯಂತ್ರವನ್ನು ಹಲವರು ಹಂಚಿಕೊಳ್ಳುತ್ತಿದ್ದ ಸಂಸ್ಥೆಗಳು ಈ ಭೇದವನ್ನು ಬಹಳ ಮೊದಲೇ ಕಂಡುಕೊಂಡಿದ್ದವು. ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡ ಯುನಿಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಎಲ್ಲ ಅಧಿಕಾರವೂ 'ರೂಟ್' ಎಂಬ ಒಂದು ಖಾತೆಗೆ ಸೇರಿದ್ದು, ಉಳಿದವರ ಕೈ ಅವರವರ ಕಡತಗಳಾಚೆಗೆ ಚಾಚುತ್ತಿರಲಿಲ್ಲ. 1975ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಜೆರೋಮ್ ಸಾಲ್ಟ್ಸರ್ ಮತ್ತು ಮೈಕೆಲ್ ಶ್ರೋಡರ್ ತಮ್ಮ ಪ್ರಬಂಧವೊಂದರಲ್ಲಿ ಇದರ ಹಿಂದಿನ ತತ್ತ್ವವನ್ನು ವಿವರಿಸಿದರು: ಪ್ರತಿಯೊಂದು ಪ್ರೋಗ್ರಾಮೂ ಪ್ರತಿಯೊಬ್ಬ ಬಳಕೆದಾರನೂ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರದೊಂದಿಗೆ ಕೆಲಸ ಮಾಡಬೇಕು. ಅವರು ಪ್ರೋಗ್ರಾಮನ್ನು ಮೊದಲು ಹೇಳಿ, ಬಳಕೆದಾರನನ್ನು ಆಮೇಲೆ ಹೇಳಿದ್ದಾರೆ. ಇಡೀ ವಿಷಯದ ತಿರುಳು ಈ ಕ್ರಮದಲ್ಲೇ ಇದೆಯೆಂದು ನನಗೆ ಅನ್ನಿಸುತ್ತದೆ.

ಏಕೆಂದರೆ ಕಂಪ್ಯೂಟರಿನೊಳಗೆ ನಾವು ನೇರವಾಗಿ ಏನನ್ನೂ ಮಾಡುವುದಿಲ್ಲ. ಕಡತ ತೆರೆಯುವುದು, ಅಳಿಸುವುದು, ನಕಲಿಸುವುದು ಎಲ್ಲವೂ ನಮ್ಮ ಹೆಸರಿನಲ್ಲಿ ಓಡುವ ಪ್ರೋಗ್ರಾಮುಗಳ ಕೆಲಸ. ನಾವು ಲಾಗಿನ್ ಆದಾಗ ವಿಂಡೋಸ್ ನಮ್ಮ ಗುರುತು ಮತ್ತು ಹಕ್ಕುಗಳನ್ನು ದಾಖಲಿಸಿದ 'ಟೋಕನ್' ಒಂದನ್ನು ಸಿದ್ಧಪಡಿಸುತ್ತದೆ. ಆ ಬಳಿಕ ನಾವು ತೆರೆಯುವ ಪ್ರತಿ ಪ್ರೋಗ್ರಾಮಿಗೂ ಅದರ ಒಂದು ನಕಲು ಸಿಗುತ್ತದೆ. ಜಮೀನು ವ್ಯವಹಾರ ಬಲ್ಲವರಿಗೆ ಇದು ಜಿಪಿಎ, ಅಂದರೆ ನಮ್ಮ ಪರವಾಗಿ ವ್ಯವಹರಿಸುವ ಅಧಿಕಾರಪತ್ರ, ಬರೆದುಕೊಟ್ಟಂತೆ ಎಂದರೆ ತಕ್ಷಣ ಅರ್ಥವಾದೀತು. ಪತ್ರ ಹಿಡಿದವನ ಉದ್ದೇಶ ಒಳ್ಳೆಯದೋ ಕೆಟ್ಟದ್ದೋ ಎಂದು ವಿಂಡೋಸ್ ವಿಚಾರಿಸುವುದಿಲ್ಲ. ಪತ್ರದಲ್ಲಿ ಆ ಅಧಿಕಾರ ಇದೆಯೇ ಎಂದಷ್ಟೇ ನೋಡುತ್ತದೆ. ಯಂತ್ರದ ಮೇಲೆ ಪೂರ್ಣ ಅಧಿಕಾರವಿರುವ ಖಾತೆಗೆ ಅಡ್ಮಿನಿಸ್ಟ್ರೇಟರ್ ಎಂದು ಹೆಸರು. ಅಡ್ಮಿನಿಸ್ಟ್ರೇಟರ್‌ನ ಪೂರ್ಣ ಟೋಕನ್ ಸಿಕ್ಕ ಪ್ರೋಗ್ರಾಂ ಇತರರ ಖಾತೆಗಳ ಪಾಸ್‌ವರ್ಡ್ ಬದಲಿಸಬಲ್ಲದು, ಯಂತ್ರಭಾಗಗಳನ್ನು ನಡೆಸುವ ಡ್ರೈವರ್ ಎಂಬ ಪ್ರೋಗ್ರಾಂ ಕೂರಿಸಬಲ್ಲದು, ಆ್ಯಂಟಿವೈರಸ್ ಅನ್ನೇ ನಿಲ್ಲಿಸಲು ಪ್ರಯತ್ನಿಸಬಲ್ಲದು. ಇಂಥ ಹಕ್ಕುಗಳಿಲ್ಲದ ಖಾತೆಯೇ ಸೀಮಿತ ಖಾತೆ. ಆದ್ದರಿಂದ "ನಾನು ತಿಳಿದವನು, ತಪ್ಪು ಮಾಡುವುದಿಲ್ಲ, ನನಗೇಕೆ ಸೀಮಿತ ಖಾತೆ?" ಎಂಬ ಪ್ರಶ್ನೆ ಮೂಲದಲ್ಲೇ ದಾರಿ ತಪ್ಪಿದೆ. ಖಾತೆಯನ್ನು ಸೀಮಿತಗೊಳಿಸುವುದು ಮನುಷ್ಯನ ಮೇಲಿನ ಅಪನಂಬಿಕೆಯಿಂದಲ್ಲ, ಅವನ ಹೆಸರಿನಲ್ಲಿ ಓಡುವ, ಅವನು ಬರೆಯದ, ಒಳಗೇನಿದೆಯೆಂದು ಅವನಿಗೂ ಕಾಣದ ಪ್ರೋಗ್ರಾಮುಗಳ ಕಾರಣದಿಂದ.

2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ಈ ಭೇದವನ್ನು ಸಾಮಾನ್ಯ ಮನೆಗಳಿಗೂ ತಂದಿತು. ಆದರೆ ಇನ್‌ಸ್ಟಾಲ್ ಮಾಡುವಾಗ ಸೃಷ್ಟಿಯಾಗುತ್ತಿದ್ದ ಖಾತೆಗಳೆಲ್ಲ ಅಡ್ಮಿನಿಸ್ಟ್ರೇಟರ್ ಖಾತೆಗಳೇ ಆಗಿದ್ದವು. ಎಲ್ಲರಿಗೂ ಆ ಹಕ್ಕು ಇದ್ದೇ ಇರುತ್ತದೆಂದು ನಂಬಿದ ಸಾಫ್ಟ್‌ವೇರ್ ಲೇಖಕರು ತಮ್ಮ ಸೆಟ್ಟಿಂಗ್‌ಗಳನ್ನು, ಆ ಹಕ್ಕಿಲ್ಲದವರು ಬರೆಯಲಾಗದ ಪ್ರೋಗ್ರಾಂ ಫೈಲ್ಸ್ ಫೋಲ್ಡರಿನಲ್ಲೇ ಬರೆದಿಡುತ್ತಿದ್ದರು. ಹೀಗಾಗಿ ಸೀಮಿತ ಖಾತೆಯಲ್ಲಿ ಎಷ್ಟೋ ಆಟಗಳೂ ಲೆಕ್ಕದ ಪ್ರೋಗ್ರಾಮುಗಳೂ ಓಡುತ್ತಲೇ ಇರಲಿಲ್ಲ, ಬಳಸಹೊರಟವರು ಬೇಸತ್ತು ಹಿಂದಿನ ಖಾತೆಗೇ ಮರಳುತ್ತಿದ್ದರು. ಕನ್ನಡಿಗರಿಗೆ ಇನ್ನೊಂದು ತೊಡಕೂ ಇತ್ತು: ಒಂದು ಕನ್ನಡ ಫಾಂಟ್ ಹಾಕಿಕೊಳ್ಳಲೂ ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕಿತ್ತು. ತನ್ನ ಖಾತೆಯ ಮಟ್ಟಿಗೆ ಫಾಂಟ್ ಹಾಕಿಕೊಳ್ಳುವ ಅನುಕೂಲ ಬಂದದ್ದು 2018ರ ವಿಂಡೋಸ್ 10 ಆವೃತ್ತಿಯಲ್ಲಿ.

2007ರ ವಿಂಡೋಸ್ ವಿಸ್ತಾ ಒಂದು ರಾಜಿಸೂತ್ರವನ್ನು ತಂದಿತು. ಅಡ್ಮಿನಿಸ್ಟ್ರೇಟರ್ ಲಾಗಿನ್ ಆದರೂ ಪ್ರೋಗ್ರಾಮುಗಳಿಗೆ ಹಕ್ಕುಗಳನ್ನು ಸೋಸಿ ತೆಗೆದ ಟೋಕನ್ ಸಿಗುತ್ತದೆ, ಪೂರ್ಣ ಟೋಕನ್ ಬೇಕಾದಾಗ ಪರದೆ ಮಂಕಾಗಿ "ಒಪ್ಪಿಗೆಯೇ?" ಎಂಬ ಪ್ರಶ್ನೆ ಬರುತ್ತದೆ. ಪ್ರಶ್ನೆ ಪದೇ ಪದೇ ಬಂದು ಜನ ಸಿಡಿಮಿಡಿಗೊಂಡದ್ದರಿಂದ 2009ರ ವಿಂಡೋಸ್ 7ರಲ್ಲಿ ವಿಂಡೋಸ್‌ನ ಸ್ವಂತ ಪ್ರೋಗ್ರಾಮುಗಳಲ್ಲಿ ಕೆಲವಕ್ಕೆ ಕೇಳದೆಯೇ ಬಡ್ತಿ ಕೊಡಲಾಯಿತು. ಅವುಗಳ ಹೆಗಲೇರಿ ಒಳನುಗ್ಗುವ ಉಪಾಯಗಳು ಬೇಗನೆ ಹುಟ್ಟಿಕೊಂಡವು. ಈ ಒಪ್ಪಿಗೆಯ ಚೌಕವನ್ನು ಭದ್ರತೆಯ ಗಡಿಯೆಂದು ಪರಿಗಣಿಸಬಾರದೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿದೆ. ಎರಡು ಬೇರೆ ಬೇರೆ ಖಾತೆಗಳ ನಡುವಿನ ಗೋಡೆ ಮಾತ್ರ ನಿಜವಾದ ಗಡಿ. ಸೀಮಿತ ಖಾತೆಯಲ್ಲಿ ಪೂರ್ಣ ಟೋಕನ್ ಎಂಬುದೇ ಇರುವುದಿಲ್ಲ; ಅದೇ ಚೌಕ ಅಲ್ಲಿ ಇನ್ನೊಂದು ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಅಭ್ಯಾಸಬಲದಿಂದ 'ಯೆಸ್' ಒತ್ತುವ ಬೆರಳಿಗೆ ಪಾಸ್‌ವರ್ಡ್ ಟೈಪಿಸುವಷ್ಟು ಹೊತ್ತಿನ ತಡೆ ದೊರೆಯುವುದೂ ಸಣ್ಣ ಲಾಭವಲ್ಲ.

ಈ ಗೋಡೆ ಎಲ್ಲವನ್ನೂ ಕಾಯುತ್ತದೆಂದು ನಂಬಿಸುವುದು ಮೋಸವಾದೀತು. ನಮ್ಮ ಫೋಟೊಗಳು, ಪತ್ರಗಳು, ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡುಗಳು ನಮ್ಮ ಖಾತೆಯವೇ ಆದ್ದರಿಂದ ನಮ್ಮ ಹೆಸರಿನಲ್ಲಿ ಓಡುವ ಕೇಡಿನ ಪ್ರೋಗ್ರಾಮಿಗೂ ಅವು ಕೈಗೆಟುಕುತ್ತವೆ. ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಸೀಮಿತ ಖಾತೆಯೇ ಸಾಕು. ಆದರೆ ವಿಂಡೋಸ್ ಇಟ್ಟುಕೊಂಡಿರುವ ಹಳೆಯ ಪ್ರತಿಗಳನ್ನು ಅಳಿಸಲು ಅದಕ್ಕೆ ಅಡ್ಮಿನಿಸ್ಟ್ರೇಟರ್ ಹಕ್ಕು ಬೇಕು, ಮನೆಯ ಇತರರ ಫೋಲ್ಡರುಗಳನ್ನು ಮುಟ್ಟಲೂ ಬೇಕು. 2003ರ ಬ್ಲಾಸ್ಟರ್, 2017ರ ವಾನಾಕ್ರೈ ಎಂಬ, ತಾವಾಗಿಯೇ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಹರಡುವ ಹುಳುಗಳದು ಬೇರೆಯೇ ದಾರಿ. ಅವು ವಿಂಡೋಸ್‌ನ ಒಳಗಿನ ಸೇವೆಗಳಲ್ಲಿದ್ದ ದೋಷಗಳ ಮೂಲಕ ನೇರವಾಗಿ ಮೇಲಿನ ಅಧಿಕಾರಕ್ಕೇ ಏರಿದವು. ಅಂಥವಕ್ಕೆ ಸಕಾಲದ ಅಪ್‌ಡೇಟ್ ಮುಖ್ಯ ಮದ್ದು. ಬೇರೆಡೆ ಇಟ್ಟ ಬ್ಯಾಕಪ್ ಕೂಡ ಎಂದಿನಂತೆ ಬೇಕೇ ಬೇಕು.

ಸೀಮಿತ ಖಾತೆಗೆ ಬದಲಾಗಲು ಹಿಡಿಯುವುದು ಹತ್ತು ನಿಮಿಷ. ಹಲವರು ಹೊಸದೊಂದು ಸೀಮಿತ ಖಾತೆ ತೆರೆದು, ಎಲ್ಲ ಕಡತಗಳನ್ನೂ ಅಲ್ಲಿಗೆ ಸಾಗಿಸಲು ಹೊರಟು, ಅರ್ಧದಲ್ಲೇ ಕೈಬಿಡುತ್ತಾರೆ. ಅದರ ಬದಲು ಹೊಸ ಖಾತೆಯನ್ನೇ ಅಡ್ಮಿನಿಸ್ಟ್ರೇಟರ್ ಮಾಡಿ, ಅದಕ್ಕೆ ಬೇರೆಯದೇ ಪಾಸ್‌ವರ್ಡ್ ಇಟ್ಟು, ಒಮ್ಮೆ ಅದರಿಂದ ಲಾಗಿನ್ ಆಗಿ ಸರಿಯಾಗಿದೆಯೆಂದು ಖಚಿತಪಡಿಸಿಕೊಂಡ ಮೇಲೆ, ಅಲ್ಲಿಂದಲೇ ನಿಮ್ಮ ಹಳೆಯ ಖಾತೆಯನ್ನು 'ಸ್ಟ್ಯಾಂಡರ್ಡ್ ಯೂಸರ್' (ಸೀಮಿತ ಖಾತೆಯ ಈಗಿನ ಹೆಸರು) ಎಂದು ಬದಲಿಸಿ. ಹಳೆಯ ಖಾತೆಗೆ ಮರಳಿದಾಗ ಡೆಸ್ಕ್‌ಟಾಪ್, ಕಡತಗಳು, ಫೋಟೊಗಳು ಎಲ್ಲವೂ ಇದ್ದಲ್ಲೇ ಇರುತ್ತವೆ.