ಥ್ರೋಬಾಲ್ ಕೈ, ಕಬಡ್ಡಿ ಕಾಲು

ನಮ್ಮ ಕಡೆ ಕಾಲೇಜು ಬಾಸ್ಕೆಟ್‌ಬಾಲ್ ತಂಡಕ್ಕೆ ಬರುವ ಹುಡುಗಿಯರಲ್ಲಿ ಹೆಚ್ಚಿನವರು ಆ ಆಟ ಆಡಿದವರೇ ಅಲ್ಲ. ಬೆಂಗಳೂರಿನ ಮಕ್ಕಳು ಪ್ರೈಮರಿಯಲ್ಲೇ ಕ್ಲಬ್ ಸೇರುತ್ತಾರೆ. ಹೊಸನಗರದ, ಸೊರಬದ ಹಳ್ಳಿ ಶಾಲೆಗೆ ಕೋರ್ಟ್ ಎಲ್ಲಿಂದ ಬರಬೇಕು? ಅಲ್ಲಿರುವುದು ಥ್ರೋಬಾಲ್, ಕಬಡ್ಡಿ, ಖೊಖೊ. ಡಿಗ್ರಿಗೆಂದು ಶಿವಮೊಗ್ಗಕ್ಕೆ ಬಂದ ಮೇಲೆಯೇ ಈ ಚೆಂಡು ಕೈಗೆ ಸಿಗುವುದು. "ಮೇಡಂ, ನಂಗೇನೂ ಬರಲ್ಲ" ಅಂತಲೇ ಶುರು ಮಾಡುತ್ತಾರೆ. ನಾನು ಒಪ್ಪುವುದಿಲ್ಲ. ಬೇರೆ ಆಟದ್ದು ಬರುತ್ತದಲ್ಲ! ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಿಸಬೇಕು ಅಂತ ನೋಡುವುದೇ ಇಲ್ಲಿ ಕೋಚ್ ಕೆಲಸ.

ಥ್ರೋಬಾಲ್ ಆಡಿದವಳ ಕೈ ಚೆನ್ನಾಗಿರುತ್ತದೆ. ಎಷ್ಟೇ ಜೋರಾಗಿ ಬಂದರೂ ಚೆಂಡು ಜಾರುವುದಿಲ್ಲ. ತೊಂದರೆ ಇರುವುದು ಹಿಡಿದ ಮೇಲೆ. ಥ್ರೋಬಾಲ್‌ನಲ್ಲಿ ಹಿಡಿದವಳು 3 ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಭುಜದ ಮೇಲಿಂದ ಎಸೆಯಬೇಕು. ಆ ಅಭ್ಯಾಸ ಇಲ್ಲೂ ಬರುತ್ತದೆ. ಚೆಂಡು ಸಿಕ್ಕ ಕೂಡಲೇ ಕೈ ಕಿವಿಯ ಪಕ್ಕಕ್ಕೆ ಹೋಗುತ್ತದೆ. ಪಾಸ್ ಎತ್ತ ಹೋಗುತ್ತದೆ ಅಂತ ಎದುರಿನವಳಿಗೆ ಮೊದಲೇ ಗೊತ್ತಾಗಿಬಿಡುತ್ತದೆ. ಅದಕ್ಕೇ ಇವರಿಗೆ ಶುರುವಿನಲ್ಲಿ ಬರೀ ಎದೆಯ ಮಟ್ಟದಿಂದ ಎರಡೂ ಕೈಯಲ್ಲಿ ತಳ್ಳುವ ಚೆಸ್ಟ್ ಪಾಸ್, ನೆಲಕ್ಕೆ ಪುಟಿಸಿ ಕೊಡುವ ಬೌನ್ಸ್ ಪಾಸ್. ಪ್ರಾಕ್ಟೀಸ್‌ನಲ್ಲಿ ತಲೆಯ ಮೇಲಿಂದ ಎಸೆದರೆ ಚೆಂಡು ಎದುರು ತಂಡಕ್ಕೆ.

ಕಬಡ್ಡಿಯವರ ಕಥೆ ಉಲ್ಟಾ. ಡಿಫೆನ್ಸ್‌ಗೆ ಬೇಕಾದ ನಿಲುವು ಅವರಿಗೆ ಹೇಳಿಕೊಡುವುದೇ ಬೇಡ. ಸೊಂಟ ಕೆಳಗೆ, ಮಂಡಿ ಬಗ್ಗಿ, ತೂಕ ಪಾದದ ಮುಂಭಾಗದಲ್ಲಿ. ಆದರೆ ಹತ್ತಿರ ಬಂದವಳನ್ನು ಹಿಡಿಯದೆ ಬಿಡುವುದು ಅವರಿಗೆ ಹಿಂಸೆ. ಮಣಿಕಟ್ಟು ಹಿಡಿದು ಎಳೆದು, ಆಮೇಲೆ ಮುಗ್ಧವಾಗಿ ನನ್ನ ಮುಖ ನೋಡುತ್ತಾರೆ! ಒಬ್ಬಳಿಗೆ 5 ಫೌಲ್ ಆದರೆ ಆಚೆ. ಒಂದು ಕ್ವಾರ್ಟರ್‌ನಲ್ಲಿ, ಅಂದರೆ ಆಟದ ಕಾಲು ಭಾಗದಲ್ಲಿ, ತಂಡದ ಐದನೇ ಫೌಲ್‌ನಿಂದ ಎದುರಾಳಿಗೆ ಎರಡು ಫ್ರೀ ಥ್ರೋ, ಯಾರೂ ಅಡ್ಡ ಬರದೆ ಬುಟ್ಟಿಗೆ ಎಸೆಯುವ ಅವಕಾಶ. ಹಾಗಾಗಿ ಇವರ ಎರಡೂ ಕೈಗೆ ಒಂದೊಂದು ಟೆನಿಸ್ ಚೆಂಡು ಕೊಟ್ಟು ಡಿಫೆನ್ಸ್ ಮಾಡಿಸುತ್ತೇನೆ. ಕೈ ತುಂಬಿದ್ದರೆ ಹಿಡಿಯುವುದು ಹೇಗೆ? ಕಾಲೇ ಓಡಬೇಕು.

ಖೊಖೊದಲ್ಲಿ ತಪ್ಪಿಸಿಕೊಂಡು ಓಡುವುದರಲ್ಲಿ ಪಳಗಿದವಳು ಸಿಕ್ಕರೆ ನನಗೆ ಹಬ್ಬ. ಅವಳಷ್ಟು ಚೆನ್ನಾಗಿ ಮೈ ತಿರುಗಿಸುವವರು ಇಲ್ಲ. ಆದರೆ ಚೆಂಡು ಹಿಡಿದೂ ಹಾಗೇ ಓಡಿದರೆ ಟ್ರಾವೆಲಿಂಗ್, ಅಂದರೆ ಹೆಜ್ಜೆಯ ಮಿತಿ ಮೀರಿದ ತಪ್ಪು. ಓಡುತ್ತಾ ಚೆಂಡು ಹಿಡಿದವಳಿಗೆ ಆ ಕ್ಷಣ ನೆಲದಲ್ಲಿರುವ ಪಾದವನ್ನು ಬಿಟ್ಟು ಇನ್ನೆರಡು ಹೆಜ್ಜೆ ಇಡಲು 2017ರಿಂದ ಅಂತಾರಾಷ್ಟ್ರೀಯ ನಿಯಮದಲ್ಲೇ ಅವಕಾಶವಿದೆ. ಹಳಬರು ಕೆಲವರು ಇನ್ನೂ ಅದಕ್ಕೆ ಸೀಟಿ ಊದುತ್ತಾರೆ, ಇರಲಿ. "ಸೊನ್ನೆ, ಒಂದು, ಎರಡು, ಹಾರು" ಅಂತ ಬಾಯಲ್ಲಿ ಎಣಿಸುತ್ತಾ ಲೇ-ಅಪ್, ಅಂದರೆ ಓಡಿಬಂದು ಹಾರಿ ಹತ್ತಿರದಿಂದ ಬುಟ್ಟಿಗೆ ಹಾಕುವುದನ್ನು, ಕಲಿಯುತ್ತಾರೆ. ಮೊದಲು ಚೆಂಡಿಲ್ಲದೆ, ಆಮೇಲೆ ಚೆಂಡಿನ ಜೊತೆ.

ಹಾರುವುದು ಸುಲಭ, ಇಳಿಯುವುದು ಕಷ್ಟ. ಹುಡುಗಿಯರ ತಂಡಕ್ಕೆ ಮೊದಲ ತಿಂಗಳು ಏನು ಕಲಿಸಬೇಕು ಅಂತ ಯಾರಾದರೂ ಕೇಳಿದರೆ ನಾನು ಶೂಟಿಂಗ್ ಅನ್ನುವುದಿಲ್ಲ, ಲ್ಯಾಂಡಿಂಗ್ ಅನ್ನುತ್ತೇನೆ. ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಎ.ಸಿ.ಎಲ್. ಅನ್ನುವ ಗಟ್ಟಿ ನಾರು ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಜಾಸ್ತಿ. ಅದೂ ಯಾರೋ ಗುದ್ದಿದ್ದಕ್ಕಲ್ಲ. ಹೆಚ್ಚಿನ ಸಲ ರೀಬೌಂಡ್‌ಗೆ, ಅಂದರೆ ಬುಟ್ಟಿಗೆ ಬೀಳದೆ ಪುಟಿದ ಚೆಂಡಿಗೆ, ಹಾರಿ ಇಳಿಯುವಾಗ, ಇಲ್ಲವೇ ಓಡುತ್ತಾ ತಟ್ಟನೆ ತಿರುಗುವಾಗ ಮಂಡಿ ಒಳಕ್ಕೆ ವಾಲಿ ಹರಿಯುತ್ತದೆ. ಆಪರೇಷನ್ ಆದರೆ ಮತ್ತೆ ಆಡಲು ಒಂಬತ್ತು ತಿಂಗಳಾದರೂ ಬೇಕು. ಡಿಗ್ರಿಯ ಮೂರು ವರ್ಷದಲ್ಲಿ ಒಂದು ವರ್ಷ ಹೋದ ಹಾಗೇ, ಅಲ್ವಾ?

ನಾವು ಮಾಡುವುದು ಇಷ್ಟೇ. ಮೊಣಕಾಲಿಗಿಂತ ಕೆಳಗಿರುವ ಒಂದು ಮೆಟ್ಟಿಲು ಸಾಕು. ಅದರ ಮೇಲಿಂದ ಎರಡೂ ಪಾದದ ಮೇಲೆ ಇಳಿಯಬೇಕು. ಸದ್ದು ಬರಬಾರದು. ದಬ್ ಅಂದರೆ ಮಂಡಿ, ಸೊಂಟ ಬಗ್ಗಿಲ್ಲ ಅಂತ. ಗೆಳತಿ ಎದುರು ಕೂತು ಮೊಬೈಲಿನಲ್ಲಿ ಸ್ಲೋ ಮೋಷನ್ ವಿಡಿಯೊ ತೆಗೆಯುತ್ತಾಳೆ. ಮಂಡಿಗಳು ಒಂದಕ್ಕೊಂದು ಹತ್ತಿರ ಬರುತ್ತಿವೆಯೋ, ಪಾದದ ನೇರಕ್ಕೇ ಇವೆಯೋ ನೋಡುತ್ತೇವೆ. ತನ್ನ ಮಂಡಿ ಒಳಗೆ ಬರುವುದನ್ನು ಕಣ್ಣಾರೆ ನೋಡಿದವಳಿಗೆ ನಾನು ಮತ್ತೆ ಕೂಗಿ ಹೇಳಬೇಕಾಗಿಲ್ಲ. ಎರಡು ಕಾಲಿನದು ಸರಿಹೋದ ಮೇಲೆ ಒಂಟಿ ಕಾಲು, ಆಮೇಲೆ ಗಾಳಿಯಲ್ಲೇ ಚೆಂಡು ಹಿಡಿದು ಇಳಿಯುವುದು. ವಾರದಲ್ಲಿ ಮೂರು ದಿನ, ವಾರ್ಮ್ ಅಪ್‌ನಲ್ಲಿ ಕಾಲು ಗಂಟೆ.

ಮಳೆಗಾಲ ಇದಕ್ಕೆ ಹೇಳಿ ಮಾಡಿಸಿದ್ದು. ಜೂನ್ ಕಳೆಯುವಷ್ಟರಲ್ಲಿ ಸಿಮೆಂಟ್ ಕೋರ್ಟಿನ ಅಂಚಿಗೆಲ್ಲ ಪಾಚಿ. ಬ್ಲೀಚಿಂಗ್ ಪೌಡರ್ ಹಾಕಿ ತಿಕ್ಕಿದರೂ ನಾಲ್ಕು ದಿನಕ್ಕೆ ಮತ್ತೆ ಹಸಿರು. ಅದರ ಮೇಲೆ ಓಡಿಸುವುದು ಧೈರ್ಯ ಅಲ್ಲ, ಮೂರ್ಖತನ. ಕಾಲೇಜಿನ ಕಾರಿಡಾರ್ ಇದೆಯಲ್ಲ. ಲ್ಯಾಂಡಿಂಗ್, ಪಿವೋಟ್ (ಒಂದು ಪಾದ ಊರಿ ತಿರುಗುವುದು), ಗೋಡೆಗೆ ಪಾಸ್, ಎಲ್ಲ ಅಲ್ಲೇ.

ಇನ್ನು ಹೊಟ್ಟೆಯ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಎರಡನೇ ಕ್ವಾರ್ಟರ್‌ಗೇ ಸುಸ್ತಾಗುವವಳನ್ನು "ಸೋಮಾರಿ" ಅನ್ನುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. 12ಕ್ಕಿಂತ ಕಡಿಮೆ ಇದ್ದರೆ ಇನ್ನೂ ನಾಲ್ಕು ರೌಂಡ್ ಓಡಿಸುವುದರಿಂದ ಸ್ಟ್ಯಾಮಿನಾ ಬರಲ್ಲ, ಡಾಕ್ಟರ್ ಹತ್ತಿರ ಹೋಗಬೇಕು. ಊಟದ ಜೊತೆಗೇ ಕಾಫಿ, ಟೀ ಕುಡಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಸೇರುವುದಿಲ್ಲ. ಮಲೆನಾಡಿನ ಮಕ್ಕಳಿಗೆ ಕಾಫಿ ಬಿಡು ಅನ್ನುವಷ್ಟು ಕಲ್ಲು ಮನಸ್ಸು ನನಗಿಲ್ಲ, ಒಂದು ಗಂಟೆ ಬಿಟ್ಟು ಕುಡೀರಿ ಅನ್ನುತ್ತೇನೆ. ಹುರುಳಿ ಸಾರಿಗೆ ನಿಂಬೆಹಣ್ಣು ಹಿಂಡಿಕೊಂಡರೆ ಇನ್ನೂ ಒಳ್ಳೆಯದು. ಮುಟ್ಟು ಮೂರು ತಿಂಗಳು ನಿಂತರೆ ಮುಚ್ಚಿಡದೆ ಹೇಳಬೇಕು ಅಂತಲೂ ಮೊದಲ ವಾರವೇ ಹೇಳಿರುತ್ತೇನೆ. ಪ್ರಾಕ್ಟೀಸ್‌ಗೆ ತಕ್ಕ ಊಟ ಇಲ್ಲದಿದ್ದರೂ ಹಾಗಾಗುತ್ತದೆ, ಮೂಳೆಗೂ ಪೆಟ್ಟು.

ಅಪ್ಪಂದಿರು ಕೇಳುವುದು ಒಂದೇ: "ಇದರಿಂದ ಕೆಲಸ ಸಿಗುತ್ತಾ ಮೇಡಂ?" ಆಟದ ಮೇಲೆ ಕೆಲಸ ಕೊಡುವುದರಲ್ಲಿ ರೈಲ್ವೆ ಮುಂದಿದೆ. ಭಾರತದ ನಾಯಕಿಯಾಗಿದ್ದ ಅನಿತಾ ಪೌಲ್‌ದುರೈ ಕೂಡ ರೈಲ್ವೆ ಉದ್ಯೋಗಿಯೇ. ಆದರೆ ಡಿಗ್ರಿಯಲ್ಲಿ ಚೆಂಡು ಮುಟ್ಟಿದವಳಿಗೆ ಆ ಬಾಗಿಲು ತೀರಾ ಚಿಕ್ಕದು. ಅದನ್ನು ನೇರವಾಗಿ ಹೇಳಿಬಿಡುತ್ತೇನೆ. ಬಿ.ಪಿ.ಎಡ್. (ದೈಹಿಕ ಶಿಕ್ಷಣದ ಪದವಿ) ಮಾಡುವ ಮನಸ್ಸಿದ್ದರೆ ಅದು ಬೇರೆ ಮಾತು.

ಹುಡುಗಿಯರು ಆಟ ಬಿಡುವುದು ಕೆಲಸದ ಚಿಂತೆಗಿಂತ ಜಾಸ್ತಿ ಸಂಜೆಯ ಬಸ್ಸಿನಿಂದ. ಹಾಗಾಗಿ ನಮ್ಮ ಟೈಮ್‌ಟೇಬಲ್ ಹಾಕುವಾಗ ಮೊದಲು ನೋಡುವುದು ಬಸ್ಸಿನ ವೇಳೆ. ದೂರದವರಿಗೆ ಮಧ್ಯಾಹ್ನದ ಬಿಡುವಿನಲ್ಲಿ ಶೂಟಿಂಗ್, ಹಾಸ್ಟೆಲ್‌ನವರಿಗೆ ಬೆಳಿಗ್ಗೆ. ಇಡೀ ತಂಡ ಸೇರುವುದು ಶನಿವಾರ ಕ್ಲಾಸ್ ಮುಗಿದ ಮೇಲೆ. ಅವತ್ತು ಬರೀ ಐದೈದು ಜನರ ಆಟ, ಡ್ರಿಲ್ ಇಲ್ಲ.